ಹುಳುಮನೆಯ ಮೂರು ದಾಳ

"ದಾಳ ಉಳ್ಳುಸುದ್ಮೇಲೆ ಕತೆ ಮುಗುಸ್ಬುಟ್ಟೇ ಏಳ್ಬೇಕು ಕಣ್ ಸಾ. ಅರ್ಧಕ್ಕೆ ಬುಟ್ರೆ ಯೋಳ್ದೋನ್ ಬಾಯಲ್ಲೇ ಗೂಡು ಕಟ್ತದೆ."

ಧನಗೆರೆಯ ಚನ್ನಮಲ್ಲಮ್ಮ ಹೀಗೆಂದು ಮೂರು ಮರದ ದಾಳಗಳನ್ನು ಮೊರದಲ್ಲಿಟ್ಟಳು. ಶಿವರುದ್ರಸ್ವಾಮಿ ನಕ್ಕ. ಮೈಸೂರಿನಿಂದ ಬಂದು ಹನೂರು, ಯಳಂದೂರುಗಳಲ್ಲಿ ಕಥಾಕಮ್ಮಟ ನಡೆಸುವವನು. ಬರೆದದ್ದು ಕಡಿಮೆ, ಬರೆಯುವುದು ಹೇಗೆಂದು ಹೇಳಿದ್ದು ಬಹಳ. ನಾಲಿಗೆಯೇ ಅವನ ಅನ್ನ. ಚಿತ್ರದ ದಾಳ ಉರುಳಿಸಿ, ಬಿದ್ದ ಚಿತ್ರಗಳಿಂದ ಪಾತ್ರ ಹುಟ್ಟಿಸುವುದು ಅವನ ಕಮ್ಮಟದ ಹೆಚ್ಚುಗಾರಿಕೆ. ಈವರೆಗೆ ಅವನ ಬಳಿ ಇದ್ದದ್ದು ಪ್ಲಾಸ್ಟಿಕ್ ದಾಳಗಳು. ಅವುಗಳಲ್ಲಿದ್ದ ಹಿಮದ ಗುಡಿಸಲನ್ನು ಯಳಂದೂರಿನವರೊಬ್ಬರು ಇಡ್ಲಿ ಎಂದುಕೊಂಡು ಬರೆದು ಮೊದಲ ಬಹುಮಾನ ಹೊಡೆದಿದ್ದರು.

ಹಾಗಾಗಿ ನಾಳೆಯ ಕೊಳ್ಳೇಗಾಲದ ಕಮ್ಮಟಕ್ಕೆ ಅವನಿಗೆ ಈ ದಾಳಗಳೇ ಬೇಕಿತ್ತು. ರೇಷ್ಮೆಹುಳುವಿಗೆ ಸೊಪ್ಪು ಹಾಕುವ ಹೆಂಗಸರು ನಿದ್ದೆ ಹತ್ತದಿರಲೆಂದು ತಲೆಮಾರುಗಳಿಂದ ಉರುಳಿಸಿ ಕತೆ ಹೇಳಿಕೊಂಡು ಬಂದ ದಾಳಗಳಿವು.

"ಕತೆ ಮುಗಿಸೋದು ಹಳೇ ಚಟ ಅಜ್ಜಿ. ನಾವೀಗ ಕೊನೇನ ತೆರೆದೇ ಬಿಡ್ತೀವಿ."

"ತಗುದ್ ಬುಟ್ರೆ ಇಲಿ ಬತ್ತವೆ."

ಹುಳುಮನೆಯೊಳಗೇ ಉರುಳಿಸುತ್ತೇನೆಂದು ಹೊಕ್ಕ. ನಡುಮಧ್ಯಾಹ್ನ, ಆದರೂ ಒಳಗೆ ಕತ್ತಲು. ನೊಣ ಬಾರದಂತೆ ಕಿಟಕಿಗಳಿಗೆ ಒದ್ದೆ ಗೋಣಿ ಬಿಗಿದಿದ್ದರು. ಹಿಪ್ಪುನೇರಳೆ ಸೊಪ್ಪು, ಸುಣ್ಣ, ಹಿಕ್ಕೆ ಬೆರೆತ ಬೆಚ್ಚನೆಯ ನಾತ. ಸಾವಿರಾರು ಹುಳುಗಳು ಸೊಪ್ಪು ಕತ್ತರಿಸುವ ಸರಸರ ಸದ್ದು. ದಾಳ ಬಿದ್ದವು. ಹುಳು. ಬಾಗಿಲು. ನಾಲಿಗೆ.

"ಒಬ್ಬ ಮಾತುಗಾರ," ಎಂದು ಕಮ್ಮಟದ ದನಿಯಲ್ಲಿ ಶುರುಮಾಡಿದ. "ಹುಳುಗಳ ಮನೆ ಹೊಕ್ಕ. ಬಾಗಿಲು ಮುಚ್ಚಿಕೊಂಡಿತು. ಹುಳುಗಳು ತಿನ್ನುವುದನ್ನು ನಿಲ್ಲಿಸಿ ತಲೆಯೆತ್ತಿದವು." ಅಷ್ಟಕ್ಕೇ ದಾಳಗಳನ್ನು ಜೇಬಿಗೆ ಹಾಕಿಕೊಂಡು ಎದ್ದ.

ಹೊಸಿಲಾಚೆ ನಿಂತಿದ್ದ ಮುದುಕಿ ಕೂಗಿದಳು. "ಮುಗ್ಸಿ ಸಾ! ಮನೆಗೋಗಿ ಉಂಡ ಅನ್ನಿ, ಸಾಕು!"

"ಹೋದ, ಉಂಡ ಅನ್ನೋ ಕತೆಗೆ ನಾನು ಸಮಾಧಾನಕರ ಬಹುಮಾನಾನೂ ಕೊಡಲ್ಲ."

ಬಾಗಿಲು ಮುಚ್ಚಿಕೊಂಡಿತು.

ಗಾಳಿಯಿರಲಿಲ್ಲ. ತಳ್ಳಿದ. ಅಲುಗಲಿಲ್ಲ. ಸರಸರ ಸದ್ದು ನಿಂತಿತು. ಒಂದೂ ಹುಳು ಮೇಯುತ್ತಿಲ್ಲ. ಕತ್ತಲಲ್ಲಿ ಬಿಳಿ ತಲೆಗಳು ಮೇಲೆದ್ದವು. ಎಲ್ಲವೂ ಅವನ ಕಡೆಗೆ. ನಾಲಿಗೆಯ ಮೇಲೆ ಏನೋ. ಕೂದಲಿರಬೇಕು. ಎಳೆದ. ಬಂತು. ಇನ್ನೂ ಬಂತು. ಮೊಳದುದ್ದ. ಮಾರುದ್ದ. ಅಂಟಂಟು ನೂಲು. ಮನೆಗೆ ಹೋಗಿ ಉಂಡ! ಹೇಳಬೇಕು. ಅಷ್ಟೇ ಹೇಳಬೇಕು. ನೂಲಿಗೆ ತುಟಿ ಬಿಗಿದುಕೊಂಡವು. ಉಸಿರು ಕಟ್ಟಿತು.

"ದಾಳ ತಳ್ಳಿ! ಬಾಗ್ಲ ಸಂದೀಲಿ ತಳ್ಳಿ! ನಾ ಮುಗುಸ್ತೀನಿ!"

ತಳ್ಳಿದ. ಆಚೆ ಮೊರದಲ್ಲಿ ದಾಳ ಉರುಳಿದವು.

"ಬಾಗ್ಲು. ಸೊಪ್ಪು ಕುಯ್ಯೋ ಕುಡ್ಲು. ನಾಲ್ಗೆ," ಎಂದಳು ಚನ್ನಮಲ್ಲಮ್ಮ. "ಬಿದ್ದುದ್ನೇ ಯೋಳ್ಬೇಕು, ಬೇಜಾರ್ ಮಾಡ್ಕಬೇಡಪ್ಪ. ಬಾಗ್ಲು ತಗೀತು. ಮಾತುಗಾರ ಬದುಕ್ದ. ನಾಲ್ಗೆ ಕುಯ್ಕಂಡು ಒಳ್ಗೇ ಉಳ್ಕತು. ಅಲ್ಗೆ ಕತೆ ಮುಗೀತು."

ಬಾಗಿಲು ತೆರೆಯಿತು.

ಮರುದಿನ ಕೊಳ್ಳೇಗಾಲದಲ್ಲಿ ಶಿವರುದ್ರಸ್ವಾಮಿ ಬಾಯಿಗೆ ಕರ್ಚೀಫು ಒತ್ತಿಕೊಂಡು ಕಪ್ಪುಹಲಗೆಯ ಮೇಲೆ ಬರೆದ: ಕತೆ ಮುಗಿಸಿ. ಮೂವತ್ತು ಶಿಬಿರಾರ್ಥಿಗಳು ಎದ್ದು ನಿಂತು ಚಪ್ಪಾಳೆ ತಟ್ಟಿದರು. ಮೌನವನ್ನೇ ಕತೆಯಾಗಿಸಿದ ಇಂಥ ಉಪನ್ಯಾಸ ಹಿಂದೆಂದೂ ಕೇಳಿರಲಿಲ್ಲವೆಂದು ಹಿರಿಯ ಕವಿ ಮೂರ್ತಿ ಕಣ್ಣೊರೆಸಿಕೊಂಡರು. ಅಲ್ಲವೆನ್ನಲು ಶಿವರುದ್ರಸ್ವಾಮಿಗೆ ನಾಲಿಗೆಯಿರಲಿಲ್ಲ.

ಹುಳುಗಳು ಹಣ್ಣಾಗಿ ಗೂಡು ಕಟ್ಟಿದಾಗ ಚನ್ನಮಲ್ಲಮ್ಮನಿಗೆ ಒಂದು ಕೆಂಪು ಗೂಡು ಸಿಕ್ಕಿತು. ಕಿವಿಗೆ ಹಿಡಿದಳು. ಒಳಗಿನಿಂದ ಕಮ್ಮಟದ ದನಿ. ಎರಡು ದಿನ ತಾಳ್ಮೆಯಿಂದ ಕೇಳಿದಳು. ಮುಗಿಯುವ ಲಕ್ಷಣ ಕಾಣಲಿಲ್ಲ.

ಗೂಡು ಬೇಯಿಸಲು ಒಲೆಯ ಮೇಲೆ ನೀರಿಟ್ಟಳು.