ತಡವಾಗಿ ಬೀಳುತ್ತಿದ್ದ ಏಟು

ಅಗ್ಗದ ಮೈಕಿಗೆ ಒಂದಲ್ಲ ಒಂದು ಕಾಯಿಲೆ ಇದ್ದೇ ಇರುತ್ತದೆ. ಅದಕ್ಕೆ ನನ್ನ ತಕರಾರಿಲ್ಲ. ಗಣಿಯೂರು ಕರಗಂಡದ ಹಳೇ ಸಾಮಾನಿನ ಸಂತೆಯಲ್ಲಿ ಪೊಲಿನಾ ಎಂಬ ಮುದುಕಿ ಎರಡು ಮೈಕು ಇಟ್ಟುಕೊಂಡು ಕೂತಿದ್ದಳು.

“ನಮ್ಮೆಜಮಾನ್ರು ಡ್ರಮ್ಸ್ ಬಾರಿಸ್ತಿದ್ರು, ಅವರು ಹೋಗಿ ವರ್ಷ ಆಯ್ತು. ಜೋಡಿ ಮುರೀಬೇಡಪ್ಪಾ, ಎರಡೂ ತಗೋ.”

ನನ್ನ ಹತ್ತಿರ ಆಗಲೇ ಒಂದಿತ್ತು. ಒಂದನ್ನೇ ತಂದೆ.

ಮರುದಿನ ಮಧ್ಯಾಹ್ನ ಗಣಿ ಕಾರ್ಮಿಕರ ಭವನದ ನೆಲಮಾಳಿಗೆಯಲ್ಲಿ, ಗೆಳೆಯ ಯೆರ್ಕೆಬುಲಾನನ ಡ್ರಮ್ಸ್ ಮೇಲೆ ನನ್ನದು, ಮುದುಕಿಯದು ಎರಡನ್ನೂ ತೂಗುಹಾಕಿದೆ. ದಾರ ಹಿಡಿದು ಅಳೆದೆ. ಸ್ನೇರ್ ಡ್ರಮ್ಮಿನಿಂದ ಎರಡಕ್ಕೂ ಒಂದೇ ದೂರ. ಆದರೂ ಅವನು ಬಾರಿಸಿದ ಹಾಡಿನ ರೆಕಾರ್ಡಿಂಗ್ ಕೇಳಿದರೆ, ಮುದುಕಿಯ ಮೈಕಿನಲ್ಲಿ ಏಟು ತಡವಾಗಿ ಬಿದ್ದಿತ್ತು, ಸುರಂಗದ ಆಚೆ ತುದಿಯಿಂದ ಬಂದ ಹಾಗೆ.

“ವೈರ್ ಬದಲಾಯ್ಸೋ ಜುಗ್ಗಾ!” ಎಂದು ಯೆರ್ಕೆಬುಲಾನ್ ಬೈದ.

ಬದಲಾಯಿಸಿದೆ. ಅದೇ ಹಾಡನ್ನು ಎರಡನೇ ಸಲ ಬಾರಿಸಿದಾಗ ತಡ ಕಡಿಮೆಯಾಗಿತ್ತು, ಮೂರನೇ ಸಲ ಇನ್ನೂ ಕಡಿಮೆ. ಹೀಟರ್ ಉರಿಯುತ್ತಿದ್ದರೂ ಆ ಮೈಕಿನ ಕೆಳಗೆ ಮಾತ್ರ ಕೈ ಮರಗಟ್ಟುತ್ತಿತ್ತು. ನಾಲ್ಕನೇ ಸಲ ಎರಡರಲ್ಲೂ ಏಟು ಒಟ್ಟಿಗೇ ಬಿತ್ತು.

“ನೋಡ್ದ್ಯಾ, ದಾರಿಗೆ ಬಂತು!” ಎಂದು ಅವನು ನಕ್ಕ.

ಐದನೇ ಸಲ ಅವನು ಕೋಲೆತ್ತಿದ. ಕೋಲು ಇನ್ನೂ ಗಾಳಿಯಲ್ಲಿದ್ದಾಗಲೇ ನನ್ನ ಹೆಡ್‌ಫೋನಿನಲ್ಲಿ ಏಟು ಕೇಳಿಸಿತು. ನನ್ನ ಮುಖ ನೋಡಿದವನೇ ಅವನು ಕೋಲುಗಳನ್ನು ಮೆಲ್ಲಗೆ ತೊಡೆಯ ಮೇಲಿಟ್ಟುಬಿಟ್ಟ. ರೆಕಾರ್ಡಿಂಗ್ ನಿಲ್ಲಿಸಲು ನನಗೆ ಕೈ ಏಳಲಿಲ್ಲ.

ಆ ರೆಕಾರ್ಡಿಂಗ್ ಈಗಲೂ ನನ್ನ ಬಳಿ ಇದೆ. ನನ್ನ ಮೈಕಿನಲ್ಲಿ ನಮ್ಮಿಬ್ಬರ ಉಸಿರು ಬಿಟ್ಟರೆ ಏನೂ ಇಲ್ಲ. ಮುದುಕಿಯ ಮೈಕಿನಲ್ಲಿ, ಅವನು ಬಾರಿಸದ ಆ ಹಾಡು ಕೊನೆಯವರೆಗೂ ಇದೆ.