ಸೈಮಿ ಇಳಿಸಿದ ವಿಮಾನ

"ರನ್‌ವೇ ಮೇಲೆ ಬಿದ್ದಿರೋ ವಿಮಾನದವರೇ, ದಯವಿಟ್ಟು ಜಾಗ ಖಾಲಿ ಮಾಡಿ! ನಿಮ್ಮ ಹಿಂದೆ ಆರು ಜನ ಸುತ್ತು ಹೊಡೀತಾ ಇದಾರೆ!"

ಹೆಡ್‌ಫೋನಿನಲ್ಲಿ ಬಂದ ಗಂಡು ದನಿಗೆ ಸೈಮಿಯ ಕಿವಿ ಬಿಸಿಯಾಯಿತು.

ಕಂಪ್ಯೂಟರ್ ಪರದೆಯ ಮೇಲೆ ಅವಳ ಪುಟ್ಟ ವಿಮಾನ ಮೂಗು ಮುರಿದುಕೊಂಡು ಬಿದ್ದಿತ್ತು. ಆ ಭಾನುವಾರ ಮಧ್ಯಾಹ್ನ ಅದು ನಾಲ್ಕನೆಯ ಸಲ. ಏರಿಸಲು ಬರುತ್ತಿತ್ತು, ಮೋಡದೊಳಗೆ ತೂರಿಸಿ ತಿರುಗಿಸಲು ಬರುತ್ತಿತ್ತು. ಇಳಿಸುವುದೊಂದು ಮಾತ್ರ... ಊಹೂಂ!

"ಬೇಕು ಅಂತ ಬಿದ್ದಿಲ್ಲ," ಎಂದಳು. ಎದುರಿಗೆ ಜನರಿದ್ದರೆ ಬಾಯಿ ಬಿಡದ ಸೈಮಿಗೆ ಮೈಕಿನ ಮುಂದೆ ಎಲ್ಲಿಲ್ಲದ ಧೈರ್ಯ.

"ನಾಲ್ಕನೇ ಸಲ ಅಲ್ವಾ ಇದು?"

"ಎಣಿಸ್ತಾ ಕೂತಿದೀರಾ? ಬೇರೆ ಕೆಲಸ ಇಲ್ವಾ?"

"ಅದೇ ನನ್ನ ಕೆಲಸ. ಟವರ್‌ನಲ್ಲಿ ಕೂತು ವಿಮಾನಗಳಿಗೆ ದಾರಿ ಹೇಳೋನು ನಾನು."

"ಟವರ್ ಅಂತೆ ಟವರ್! ನಿಮ್ಮ ಅಡುಗೆಮನೇಲಿ ಕೂತಿದೀರ. ಕೆಟಲ್ ಕೂಗೋದು ಇಲ್ಲಿಗೆ ಕೇಳಿಸ್ತಿದೆ!"

ಕೆಟಲ್ ಆರಿಸಿದ ಸದ್ದು. ಆಮೇಲೆ ನಗು... ಹೊಟ್ಟೆಯಿಂದ ಬಂದ ನಗು!

"ಸಿಕ್ಕಿಬಿದ್ದೆ," ಎಂದ ಅವನು. "ನಾನು ಲೂಸಿಯೆನ್, ಸರೋವರದ ದಡದ ಥಂಡರ್ ಬೇ ಊರಿನೋನು. ನೀವು?"

"ಸೈಮಿ. ನಾನೂ ಅದೇ ಊರು!" ಎಂದಳು.

"ಹಾಗಾದ್ರೆ ಶನಿವಾರ ಬನ್ನಿ. ಕರ್ಲಿಂಗ್ ಹಾಲ್ ಮಹಡಿ ಮೇಲೆ ನಮ್ಮ ಕ್ಲಬ್ ಇದೆ. ಎಲ್ಲಾ ನಿಮ್ಮ ಹಾಗೇ... ಮನೇಲಿ ಕೂತು ವಿಮಾನ ಮುರಿಯೋರು."

* * *

ಹೋಗಬೇಕೋ ಬೇಡವೋ ಎಂದು ಅವಳು ಆರು ದಿನ ಯೋಚಿಸಿದಳು. ಹೋಟೆಲಿನ ಲಾಂಡ್ರಿಯಲ್ಲಿ ಹಾಸಿಗೆಬಟ್ಟೆ ಮಡಿಸುತ್ತಾ ಯೋಚಿಸಿದಳು.

ಒಂಬತ್ತು ವರ್ಷದವಳಿದ್ದಾಗ ಐಸ್ ಹಾಕಿ ಆಟದ ರಬ್ಬರ್ ಬಿಲ್ಲೆ ಹಾರಿ ಬಂದು ಅವಳ ಎಡಗಣ್ಣಿನ ನೋಟವನ್ನು ಕಿತ್ತುಕೊಂಡಿತ್ತು. ಆಮೇಲೆ ಎಲ್ಲರೂ ಎಷ್ಟು ಮೆದುವಾಗಿ ಹೇಳಿದ್ದರು... 'ಪೈಲಟ್ ಆಗೋ ಆಸೆ ಬಿಡು, ಕಂದಾ.' ಬೈದಿದ್ದರೆ ಮರೆಯುತ್ತಿದ್ದಳು. ಮೆದುವಾಗಿ ಹೇಳಿದ್ದೇ ಇವತ್ತಿಗೂ ಉರಿಯುತ್ತಿತ್ತು!

"ಹೋಗೇ ಹುಡುಗಿ," ಎಂದಳು ಮುಮ್ಮು. ಅಜ್ಜಿಯನ್ನು ಸೈಮಿ ಕರೆಯುವುದೇ ಹಾಗೆ. "ಮನೇಲಿ ಒಬ್ಳೇ ಮುರಿಯೋದಕ್ಕಿಂತ ನಾಲ್ಕು ಜನರ ಎದುರು ಮುರಿ. ಮುಖ ಗಟ್ಟಿಯಾಗುತ್ತೆ."

ಶನಿವಾರ ಸೈಮಿ ಹೋಗಿಯೇಬಿಟ್ಟಳು. ಮಹಡಿಯ ಮೇಲೆ ಆರು ಕಂಪ್ಯೂಟರ್, ಒಂದು ಕಾಫಿ ಪಾತ್ರೆ, ಒಂದು ಕರಿಹಲಗೆ. ಕೆಳಗಿನ ಹಿಮದಂಗಳದಲ್ಲಿ ಕರ್ಲಿಂಗ್ ಆಟದವರು ಜಾರಿಸುವ ಕಲ್ಲುಗಳ ಗುಡುಗುಡು. ಕ್ಲಬ್ಬಿನ ಹಿರಿಯರು ಗೋರ್ಡಿ. ಮೂವತ್ತು ವರ್ಷ ರೈಲು ಓಡಿಸಿ ಈಗ ವಿಮಾನಕ್ಕೆ ಬಂದವರು. ಚಕ್ರ ನೆಲ ಮುಟ್ಟುವ ಕ್ಷಣ ವಿಮಾನ ಎಷ್ಟು ಜೋರಾಗಿ ಕೆಳಗೆ ಬರುತ್ತಿತ್ತು ಎಂಬ ಅಂಕಿ ಪರದೆಯಲ್ಲಿ ಮೂಡುತ್ತದೆ. ಗೋರ್ಡಿ ಅದನ್ನು ಕೂಗಿ ಹೇಳಿ ಹಲಗೆಯ ಮೇಲೆ ಬರೆಯುತ್ತಾರೆ. ಅಂಕಿ ಚಿಕ್ಕದಾದಷ್ಟೂ ನಯ. ಎಲ್ಲರಿಗಿಂತ ಜೋರಾಗಿ ಬಿದ್ದವರು ಮುಂದಿನ ಶನಿವಾರ ಪರ್ಷಿಯನ್ ತರಬೇಕು. ಗುಲಾಬಿ ಸಕ್ಕರೆ ಬಳಿದ ಆ ಸಿಹಿ ಬನ್ನಿಲ್ಲದೆ ಅಲ್ಲಿ ಕಾಫಿ ನಡೆಯುವುದಿಲ್ಲ.

ಸೈಮಿ ಸತತ ಏಳು ವಾರ ಪರ್ಷಿಯನ್ ತಂದಳು!

"ಎಂಟುನೂರಾ ಹತ್ತು!" ಗೋರ್ಡಿ ಕೂಗುತ್ತಿದ್ದರು. "ಅಮ್ಮಾ ತಾಯಿ, ಇದು ಇಳಿಸೋದಲ್ಲ, ಬಾವಿಗೆ ಕೊಡ ಎಸೆಯೋದು!"

"ಮುಂದಿನ ವಾರವೂ ಹೊಟ್ಟೆ ತುಂಬಾ ತಿನ್ನಿ," ಎನ್ನುತ್ತಿದ್ದಳು ಸೈಮಿ, ಹಲ್ಲು ಕಚ್ಚಿ.

ಮೂಲೆಯ ಮೇಜಿನಲ್ಲಿ ಟವರ್ ನೋಡಿಕೊಳ್ಳುವ ಲೂಸಿಯೆನ್ ಮಾತ್ರ ನಗುತ್ತಿರಲಿಲ್ಲ. "ಇನ್ನೊಂದ್ಸಲ?" ಎಂದಷ್ಟೇ ಕೇಳುತ್ತಿದ್ದ. ಆಂಬುಲೆನ್ಸಿನಲ್ಲಿ ಅವನ ಕೆಲಸ. ಬಿದ್ದವರನ್ನು ನೋಡಿಕೊಂಡು ಸುಮ್ಮನಿರುವುದು ಅವನಿಗೆ ಅಭ್ಯಾಸವಿರಲಿಲ್ಲ.

'ಆ ಒಂದು ಮಾತು ಕೇಳೋಕೆ ಬರ್ತಿದೀನಾ ನಾನು? ಛೆ!' ಸೈಮಿ ತನಗೆ ತಾನೇ ಬೈದುಕೊಂಡಳು. ಆದರೂ ಶನಿವಾರ ಬೆಳಿಗ್ಗೆ ಕೂದಲನ್ನು ಎರಡು ಸಲ ಬಾಚುತ್ತಿದ್ದಳು.

ಅವಳಿಗೆ ಬೇಕಾಗಿದ್ದುದು ಒಂದೇ. ಫೆಬ್ರವರಿಯ ಕೊನೆಯ ಶನಿವಾರ ಸರೋವರದ ಸುತ್ತಲಿನ ಕ್ಲಬ್ಬುಗಳೆಲ್ಲ ಸೇರಿ ಹಾರುವ 'ಸರೋವರ ಸುತ್ತು'. ಅದರಲ್ಲಿ ತನ್ನದೂ ಒಂದು ವಿಮಾನ! ಗೋರ್ಡಿಯ ಕಟ್ಟಳೆಯೂ ಒಂದೇ: ಕ್ಲಬ್ಬಿನವರ ಎದುರು ಮುರಿಯದೆ ಇಳಿಸಿದವರಿಗೆ ಮಾತ್ರ ಜಾಗ.

ಎಂಟನೆಯ ಶನಿವಾರ ಅದು ಆಗಿಯೇಬಿಟ್ಟಿತು!

"ಅರವತ್ತನಾಲ್ಕು!" ಗೋರ್ಡಿಯ ಕೈಯ ಸೀಮೆಸುಣ್ಣ ಕೆಳಗೆ ಬಿತ್ತು. "ರೇಷ್ಮೆ! ಅಪ್ಪಟ ರೇಷ್ಮೆ! ಸೈಮಿ, ಸುತ್ತಿನಲ್ಲಿ ನಿನಗೂ ಜಾಗ ಕಣಮ್ಮ. ಎಲ್ಲರಿಗಿಂತ ಕೊನೇಲಿ ನಮ್ಮೂರಿಗೆ ಬಂದು ಇಳಿಸೋಳು ನೀನೇ!"

ಎಲ್ಲರೂ ಚಪ್ಪಾಳೆ ತಟ್ಟಿದರು. ಸೈಮಿ ಓಡಿಹೋಗಿ ಲೂಸಿಯೆನ್‌ನ ಎರಡೂ ಕೈ ಹಿಡಿದುಕೊಂಡಳು. ಆ ಕೈಗಳು ತಣ್ಣಗಿದ್ದವು. ಅವನು ಅವಳ ಮುಖ ನೋಡಲಿಲ್ಲ.

'ನಾಚಿಕೆ ಇರಬೇಕು...' ಅಂದುಕೊಂಡಳು. ಎದೆ ತುಂಬಿ ಬಂದಿತ್ತು.

* * *

ಆದರೆ ಮನೆಯಲ್ಲಿ ವಿಮಾನ ಎಂದಿನಂತೆ ಮುರಿಯಿತು. ಸೋಮವಾರ ಏಳುನೂರು. ಬುಧವಾರ ಎಂಟುನೂರು.

ಮುಂದಿನ ಶನಿವಾರ ಕ್ಲಬ್ಬಿನಲ್ಲಿ ಮತ್ತೆ ಅರವತ್ತೊಂದು!

ಮಾತು ಕಡಿಮೆಯಾದವರ ಕಣ್ಣು ಚುರುಕು. ನೆಲ ಮುಟ್ಟುವ ಮುಂಚೆ ವಿಮಾನ ನಡೆಸುವ ಕಡ್ಡಿಯನ್ನು ಹಿಂದಕ್ಕೆಳೆದು ಮೂಗು ಎತ್ತಬೇಕು. ಇಂದು ಅವಳು ತಡ ಮಾಡಿದ್ದಳು. ಆದರೆ ಮೂಗು ಮೊದಲೇ ಎದ್ದಿತ್ತು...

ಸೈಮಿ ಮತ್ತೆ ವಿಮಾನ ಏರಿಸಿದಳು. ಸುತ್ತು ಬಂದಳು. ರನ್‌ವೇ ಹತ್ತಿರವಾಯಿತು. ಎಲ್ಲರೂ ನೋಡುತ್ತಿದ್ದಂತೆ ಎರಡೂ ಕೈಗಳನ್ನು ಮಡಿಲಲ್ಲಿ ಇಟ್ಟುಕೊಂಡಳು.

ವಿಮಾನ ತಾನೇ ಮೂಗೆತ್ತಿತು. ತಾನೇ ನೆಲ ಮುಟ್ಟಿತು. ಐವತ್ತೆಂಟು!



"ಇದನ್ನ ಇಳಿಸಿದ್ದು ಯಾರು?" ಸೈಮಿ ಎದ್ದು ನಿಂತಳು. ಜನರೆದುರು ಅವಳ ದನಿ ಅಷ್ಟು ಗಟ್ಟಿಯಾಗಿ ಬಂದದ್ದು ಅದೇ ಮೊದಲು. "ಕಂಪ್ಯೂಟರ್‌ನಲ್ಲಿ ತಾನೇ ಇಳಿಸೋ ಸಹಾಯ ಆನ್ ಮಾಡಿಟ್ಟಿದ್ದು ಯಾರು?"

ಮೂಲೆಯಲ್ಲಿ ಕುರ್ಚಿ ಸರಿಯಿತು.

"ನಾನು," ಎಂದ ಲೂಸಿಯೆನ್.

"ಯಾಕೆ? ಒಂದು ಕಣ್ಣಿನೋಳು ಅಂತ ಕನಿಕರನಾ?"

"ಸೈಮಿ, ನೀನು ಬಿಟ್ಟು ಹೋಗ್ತೀಯೇನೋ ಅಂತ ನಂಗೆ..."

"ಪರದೆ ಚಪ್ಪಟೆ ಇರುತ್ತೆ, ಲೂಸಿಯೆನ್! ಅದರ ಮುಂದೆ ನಿನ್ನ ಎರಡನೇ ಕಣ್ಣಿಗೂ ಕೆಲಸ ಇಲ್ಲ. ಇಲ್ಲಿ ಕೂತೋರೆಲ್ಲಾ ನನ್ನ ಹಾಗೇ. ಅದು ಗೊತ್ತಿದ್ದೇ ನಾನು ಈ ಆಟಕ್ಕೆ ಬಂದಿದ್ದು!"



ಸೈಮಿ ಹಲಗೆಯ ಬಳಿ ಹೋಗಿ ತನ್ನ ಅರವತ್ತನಾಲ್ಕನ್ನು ಅಂಗೈಯಿಂದ ಉಜ್ಜಿ ಅಳಿಸಿದಳು.

"ಗೋರ್ಡಿ, ಸುತ್ತಿನ ದಿನ ನಾನೇ ಇಳಿಸ್ತೀನಿ. ಸಹಾಯ ಇಲ್ಲದೆ. ಮುರಿದ್ರೆ ಮತ್ತೆ ಈ ಮೆಟ್ಟಿಲು ಹತ್ತಲ್ಲ."

"ಎರಡೇ ವಾರ ಇದೆ ಕಣಮ್ಮ..."

"ಇರ್ಲಿ!"

ಮೆಟ್ಟಿಲಿಳಿಯುವಾಗ ಕಣ್ಣು ತುಂಬಿತ್ತು. ಎರಡೂ ಕಣ್ಣು. ಅಳುವುದರಲ್ಲಿ ಎಡಗಣ್ಣು ಹಿಂದೆ ಬಿದ್ದಿರಲಿಲ್ಲ.

* * *

ಹನ್ನೆರಡು ದಿನ ಲೂಸಿಯೆನ್‌ನ ಫೋನನ್ನು ಅವಳು ಎತ್ತಲಿಲ್ಲ. ದಿನವೂ ಕೆಲಸ ಮುಗಿಸಿ ಬಂದು ವಿಮಾನ ಮುರಿದಳು.

'ನಾನು ನೋಡೋದೆಲ್ಲಾ ಸರಿಯಾಗೇ ಇದೆ. ಮತ್ತೆ ಯಾಕೆ ಪ್ರತಿಸಲ ತಡ ಆಗುತ್ತೆ? ಯಾಕೆ?'

ಗುರುವಾರ ಸಂಜೆ ಬಾಗಿಲು ಬಡಿದ ಸದ್ದು. ಮುಮ್ಮು ಬಾಗಿಲಿನ ಗಾಜಿನ ಕಿಂಡಿಗೆ ಕಣ್ಣಿಟ್ಟಳು.

"ಯಾರೋ ಬೀದಿ ಆ ಕಡೆ ನಿಂತಿದಾನೆ," ಎನ್ನುತ್ತಾ ಬಾಗಿಲು ತೆಗೆದಳು. ಅಂಚೆಯವನು ಮೂಗಿಗೆ ತಾಗುವಷ್ಟು ಹತ್ತಿರವಿದ್ದ! "ಥೂ, ಹಾಳು ಕಿಂಡಿ! ಇಡೀ ಬೀದೀನೆ ತೋರಿಸುತ್ತೆ, ಆದ್ರೆ ಎಲ್ಲಾ ದೂರ ತಳ್ಳಿಬಿಡುತ್ತೆ."

ಸೈಮಿ ಕುರ್ಚಿಯಿಂದ ದಡಬಡಿಸಿ ಎದ್ದಳು.

"ಮುಮ್ಮು! ಏನಂದೆ? ಇನ್ನೊಂದ್ಸಲ ಹೇಳು!"

ಅವಳ ಪರದೆ ಚಿಕ್ಕದು. ವೇಗ, ಎತ್ತರ ತೋರಿಸುವ ಮುಳ್ಳುಗಳೆಲ್ಲ ಒಟ್ಟಿಗೆ ಕಾಣಲೆಂದು ಮೊದಲ ದಿನವೇ ನೋಟವನ್ನು ಅಗಲಕ್ಕೆ ಎಳೆದಿಟ್ಟಿದ್ದಳು. ಕ್ಲಬ್ಬಿನಲ್ಲಿ ಕುಳಿತಾಗಲೂ ಮೊದಲು ಮಾಡುತ್ತಿದ್ದದ್ದು ಅದೇ. ಅಗಲಿಸಿದ ನೋಟದಲ್ಲಿ ನೆಲ ಇರುವುದಕ್ಕಿಂತ ದೂರ ಕಾಣುತ್ತಿತ್ತು... ಅದಕ್ಕೇ ಪ್ರತಿಸಲ ಮೂಗೆತ್ತುವ ಮೊದಲೇ ನೆಲ ಬಂದುಬಿಡುತ್ತಿತ್ತು!

ಕಣ್ಣಿನ ತಪ್ಪಲ್ಲ. ಅವಳು ಅಗಲಿಸಿಟ್ಟ ನೋಟದ ತಪ್ಪು!

ನೋಟವನ್ನು ಹತ್ತಿರಕ್ಕೆ ತಂದಳು. ಮುಳ್ಳುಗಳು ಪರದೆಯಿಂದಾಚೆ ಸರಿದವು. ಉಳಿದದ್ದು ನೆಲ, ಆಕಾಶ, ರನ್‌ವೇಯ ತುದಿ. ಮೊದಲ ಸಲ ನಾನೂರು. ಮೂರನೆಯ ಸಲ ಮುನ್ನೂರು. ಮೂಗು ಮುರಿಯಲಿಲ್ಲ.

"ಅಳ್ತಿದೀಯೇನೇ?" ಎಂದಳು ಮುಮ್ಮು.

"ಇಲ್ಲ," ಎಂದಳು ಸೈಮಿ, ಅಳುತ್ತಲೇ.

* * *

ಸರೋವರ ಸುತ್ತಿನ ಶನಿವಾರ. ಹನ್ನೊಂದು ವಿಮಾನಗಳು ಬಂದು ಇಳಿದಿದ್ದವು. ಉಳಿದದ್ದು ಸೈಮಿಯದೊಂದೇ. ಹೊರಗಿನ ನಿಜವಾದ ಗಾಳಿಯೇ ಪರದೆಯಲ್ಲೂ ಬೀಸುವಂತೆ ಗೋರ್ಡಿ ಹೊಂದಿಸಿದ್ದರು. ಆ ದಿನ ಸರೋವರದ ಗಾಳಿ ಅಡ್ಡಡ್ಡ ಬೀಸುತ್ತಿತ್ತು.

"ಸಹಾಯ ಆಫ್ ಇದೆ. ನೀನೇ ನೋಡ್ಕೋ," ಎಂದರು ಗೋರ್ಡಿ. ಅವಳು ನೋಡಿಕೊಂಡಳು. ಎರಡು ಸಲ.

"ಗಾಳಿ ಬಲಗಡೆಯಿಂದ, ವೇಗ ಹದಿನಾಲ್ಕು," ಲೂಸಿಯೆನ್‌ನ ದನಿ ಹೆಡ್‌ಫೋನಿನಲ್ಲಿ ಬಂತು. "ಇಳಿಯಬಹುದು."

ಅಷ್ಟೇ. ಒಂದು ಮಾತು ಹೆಚ್ಚಿಲ್ಲ.

ರನ್‌ವೇ ಹತ್ತಿರ ಬಂತು. ಗಾಳಿ ವಿಮಾನವನ್ನು ಎಡಕ್ಕೆ ದೂಡಿತು. ಸರಿಪಡಿಸಿದಳು. ಮತ್ತೆ ದೂಡಿತು! ಬೆನ್ನ ಹಿಂದೆ ಯಾರೋ "ಅಯ್ಯೋ" ಎಂದರು.

"ಇಳಿಸಲ್ಲ. ಮತ್ತೆ ಏರ್ತೀನಿ," ಎಂದಳು ಸೈಮಿ.

ಲೂಸಿಯೆನ್ ಮೈಕಿನ ಗುಂಡಿ ಒತ್ತಿದ. ಕ್ಷಣ ಹೊತ್ತು ಅವನ ಉಸಿರಷ್ಟೇ ಕೇಳಿಸಿತು. ಆಮೇಲೆ, "ಸರಿ. ಗಾಳಿ ಬಲಗಡೆಯಿಂದ, ಹದಿನೈದು."

ಎರಡನೆಯ ಸಲ ಅವಳು ಉಸಿರು ಬಿಗಿಹಿಡಿಯಲಿಲ್ಲ. ದೃಷ್ಟಿಯನ್ನು ರನ್‌ವೇಯ ಆ ತುದಿಯಲ್ಲಿ ನೆಟ್ಟಳು. ಗಾಳಿಯ ಕಡೆಗೆ ರೆಕ್ಕೆ ಬಾಗಿಸಿದಳು. 'ದೂಡು, ಎಷ್ಟು ದೂಡ್ತೀಯೋ ದೂಡು!' ನೆಲ ಅಗಲವಾಗುತ್ತಾ ಬಂತು... ಈಗ! ಕಡ್ಡಿ ಎಳೆದಳು.

ಧಡ್!

ಒಂದು ಚಕ್ರ. ಇನ್ನೊಂದು ಚಕ್ರ. ಕೊನೆಗೆ ಮೂಗು. ವಿಮಾನ ಅಲುಗಿತು, ವಾಲಿತು... ನಿಂತಿತು. ಇಡಿಯಾಗಿ ನಿಂತಿತು!

"ನೂರಾ ಎಂಬತ್ತೆರಡು!" ಗೋರ್ಡಿಯ ದನಿ ಒಡೆಯಿತು. "ರೇಷ್ಮೆ ಅಲ್ಲ ಕಣಮ್ಮ, ಗೋಣಿಚೀಲ! ಆದ್ರೆ ನಿನ್ನದೇ ಗೋಣಿಚೀಲ!"

ಗದ್ದಲ ಎದ್ದಿತು. ಅದರ ನಡುವೆ ಲೂಸಿಯೆನ್ ಎದ್ದು ಬಂದ. ಬಗ್ಗಿ ಮೆಲ್ಲಗೆ, "ತಪ್ಪಾಯ್ತು ಸೈಮಿ..." ಎಂದ.

"ಕಿವೀಲಿ ಬೇಡ. ಕದ್ದು ಮಾಡಿದ್ದನ್ನ ಎಲ್ಲರಿಗೂ ಕೇಳೋ ಹಾಗೆ ಹೇಳು." ತನ್ನ ಹೆಡ್‌ಫೋನ್ ತೆಗೆದು ಅವನ ಕೈಗಿಟ್ಟಳು.

ಲೂಸಿಯೆನ್ ಮೈಕನ್ನು ಬಾಯಿಗೆ ಹಿಡಿದ. ಸರೋವರದ ಸುತ್ತಲಿನ ಹನ್ನೊಂದು ಮಂದಿ ಕೇಳುತ್ತಿದ್ದರು.

"ಮೂರು ವಾರದ ಹಿಂದೆ ಸೈಮಿ ಕಂಪ್ಯೂಟರ್‌ನಲ್ಲಿ ಅವಳಿಗೆ ಹೇಳದೆ ಸಹಾಯ ಆನ್ ಮಾಡಿದೋನು ನಾನು. ಅವಳಿಗೆ ಅದು ಬೇಕಿರ್ಲಿಲ್ಲ. ಬೇಕಿದ್ದಿದ್ದು ನಂಗೆ. ಅವಳು ಬರೋದು ನಿಲ್ಸಿದ್ರೆ ನನ್ನ ಶನಿವಾರಗಳು ಏನಾಗ್ತವೆ ಅಂತ ಹೆದರಿದ್ದೆ. ಯಾಕಂದ್ರೆ..." ಅವನು ಅವಳನ್ನು ನೋಡಿದ. "ನಾನು ಅವಳನ್ನ ಪ್ರೀತಿಸ್ತೀನಿ."

ಆಚೆ ದಡದಿಂದ ಒಂದು ಮುದಿ ದನಿ: "ಕೊನೆಗೂ ಹೇಳಿದ್ಯಲ್ಲಪ್ಪಾ! ಇನ್ನು ಮೈಕ್ ಆಫ್ ಮಾಡಿ, ನಾವು ಊಟಕ್ಕೆ ಹೋಗ್ಬೇಕು!"

* * *

ಹೊರಗೆ ಬಿಸಿಲು ಹಿಮದ ಮೇಲೆ ಥಳಥಳಿಸುತ್ತಿತ್ತು. ಇಬ್ಬರೂ ಅವನ ಹಳೆಯ ಟ್ರಕ್ಕಿನ ಬಳಿ ನಿಂತರು.

"ಆ ಅರವತ್ತನಾಲ್ಕು ಬಂದ ದಿನ ನಂಗೆಷ್ಟು ಖುಷಿ ಆಗಿತ್ತು ಗೊತ್ತಾ?" ಎಂದಳು ಸೈಮಿ. "ಆ ಖುಷಿ ನಂದಲ್ಲ ಅಂತ ಗೊತ್ತಾದಾಗ... ಅದು ತುಂಬಾ ನೋಯ್ತು."

"ಈಗ ನಾನು ಏನು ಮಾಡ್ಲಿ?"

"ನಾನು ಬೀಳೋವಾಗ ಬೀಳೋಕೆ ಬಿಡು. ಪಕ್ಕದಲ್ಲಿ ಕೂತಿರು. ಅಷ್ಟೇ."

"ಅದು ತುಂಬಾ ಕಷ್ಟ."

"ಗೊತ್ತು. ಅದಕ್ಕೇ ಅದನ್ನ ಕೇಳ್ತಿದೀನಿ." ಅವಳು ಕೈ ಚಾಚಿದಳು. "ಬೀಗದಕೈ ಕೊಡು. ಮನೇವರೆಗೂ ನಾನೇ ಓಡಿಸ್ತೀನಿ."

"ರಸ್ತೆ ತುಂಬಾ ಮಂಜುಗಡ್ಡೆ..." ಅವನು ನಾಲಿಗೆ ಕಚ್ಚಿಕೊಂಡ. ಬೀಗದಕೈಯನ್ನು ಅವಳ ಅಂಗೈಯಲ್ಲಿಟ್ಟು ಆ ಕಡೆಯ ಬಾಗಿಲು ತೆಗೆದು ಕುಳಿತ.

ಮೊದಲ ತಿರುವಿನಲ್ಲೇ ಟ್ರಕ್ಕು ಸ್ವಲ್ಪ ಜಾರಿತು. ಸೈಮಿ ಸರಿಪಡಿಸಿದಳು. ಲೂಸಿಯೆನ್ ಬಾಗಿಲಿನ ಹಿಡಿ ಹಿಡಿದುಕೊಂಡ. ತುಟಿ ಮಾತ್ರ ಬಿಚ್ಚಲಿಲ್ಲ.

"ಹೆದರಿಕೆನಾ?"

"ಹೂಂ."

"ನಂಗೂ," ಎಂದಳು ಅವಳು. ಸಿಗ್ನಲ್ಲಿನಲ್ಲಿ ಗಾಡಿ ನಿಲ್ಲಿಸಿ, ಹಿಡಿ ಹಿಡಿದಿದ್ದ ಅವನ ಬೆರಳುಗಳನ್ನು ಒಂದೊಂದಾಗಿ ಬಿಡಿಸಿ ತನ್ನ ಕೈಯೊಳಗೆ ತೆಗೆದುಕೊಂಡಳು. "ನಾನೂ ನಿನ್ನ ಪ್ರೀತಿಸ್ತೀನಿ, ಲೂಸಿಯೆನ್. ಈಗ ಏನಾದ್ರೂ ಹೇಳ್ಬಹುದು."

ಅವನು ಅವಳ ಮುಖವನ್ನೇ ನೋಡಿದ.

"ಹಸಿರು ಬಿತ್ತು," ಎಂದ ಮೆಲ್ಲಗೆ.

"ಕಾಣಿಸ್ತು," ಎಂದಳು ಸೈಮಿ. ಆದರೂ ಇನ್ನೊಂದು ಗಳಿಗೆ ಅವನ ಕೈ ಬಿಡಲಿಲ್ಲ.