ಉಡದಾರದ ಚಾವಿ

"ನನ್ನ ಮಗನೇ ಉಸ್ಮಾನ ಮಿಯಾನ ಮಗನನ್ನ ಕೊಂದಾನಂತ ಎಲ್ಲಾರೂ ಅಂತಾರ್ರಿ ಅಕ್ಕಾ. ಹೌದೋ ಅಲ್ಲೋ, ಅಷ್ಟು ಹೇಳ್ರಿ ಸಾಕು."

ಸಂತಪುರದಿಂದ ಬಸ್ಸು ಹತ್ತಿ ಬೀದರಿಗೆ ಬಂದಿದ್ದ ಸಖುಬಾಯಿ ಕುರ್ಚಿ ಕೊಟ್ಟರೂ ಕೂಡಲಿಲ್ಲ. ಮಹಾಮಾಯಾ ಊರಂಚಿನ ಕೊಳಾರದ ಕಾರ್ಖಾನೆಯೊಂದರಲ್ಲಿ ಮೂವತ್ತು ವರ್ಷ ಸುರಕ್ಷತಾ ಅಧಿಕಾರಿಯಾಗಿದ್ದವರು. ನಿವೃತ್ತಿಯಾದ ಮೇಲೂ ಬಿಡಿಸಲಾಗದ ಗಂಟುಗಳೆಲ್ಲ ಅವರ ಮನೆಗೇ ಬರುತ್ತಿದ್ದವು. ಅವರ ಹಳೆಯ ಗುಮಾಸ್ತ ದತ್ತಾತ್ರಿ ಎಲ್ಲ ಪ್ರಕರಣಗಳಲ್ಲೂ ಜೊತೆಗಿದ್ದ; ಅವನ ಊಹೆ ಒಂದು ಸಲವೂ ಸರಿಯಾಗಿರಲಿಲ್ಲ.

ಸಖುಬಾಯಿಯ ಮಗ ಅಮೋಲ್ ಕೊಲ್ಲಿ ದೇಶದ ರಾಸಾಯನಿಕ ಸ್ಥಾವರದಲ್ಲಿ ಇಂಜಿನಿಯರ್. ನಾಲ್ಕು ತಿಂಗಳ ಹಿಂದೆ, ಬೀದರಿನ ಉಸ್ಮಾನ ಮಿಯಾನ ವೆಲ್ಡರ್ ಮಗನನ್ನು ಕರೆದುಕೊಂಡು ಟ್ಯಾಂಕಿನೊಳಗೆ ಇಳಿದಿದ್ದ. ಯಾರೋ ಗ್ಯಾಸಿನ ವಾಲ್ವ್ ತೆರೆದರು. ಇಬ್ಬರೂ ಹೆಣವಾದರು. ಒಳಗಿಳಿಯುವವನು ವಾಲ್ವಿಗೆ ತನ್ನ ಬೀಗ ಹಾಕಲೇಬೇಕು. ಅಮೋಲ್ ಹಾಕಿರಲಿಲ್ಲ, ಬೀಗ ಅವನ ಕೋಣೆಯಲ್ಲೇ ಸಿಕ್ಕಿತು ಎಂದು ಅವರ ಗುತ್ತಿಗೆ ಕಂಪನಿ ವರದಿ ಬರೆದಿತ್ತು.

"ಹುಡುಗನ ಬೇಜವಾಬ್ದಾರಿ, ಮತ್ತೇನ್ರಿ ಮೇಡಂ?" ಎಂದ ದತ್ತಾತ್ರಿ.

ಮಹಾಮಾಯಾ ಅವನತ್ತ ನೋಡಲೂ ಇಲ್ಲ. "ಹೆಣಕ್ಕ ನೀರು ಹಾಕಿದವರು ಯಾರು ಸಖುಬಾಯಿ?"

"ನಾನ ರೀ. ಸೊಂಟದ ಉಡದಾರದಾಗ ಈ ಚಾವಿ ಇತ್ತು. ಅಲ್ಲಿಂದ ಬಂದ ಅವನ ಸಾಮಾನಿನ ಪೆಟಗಿದು ಅಂತ ತಿಳಿದೆ. ಹತ್ತಲಿಲ್ಲ."

ಸಣ್ಣ ಚಾವಿಯ ಮೇಲೆ ೪೭ ಎಂದು ಕೊರೆದಿತ್ತು.

ಭಾನುವಾರ ಸಂತಪುರದ ಆ ಮನೆಯ ಪಡಸಾಲೆಯಲ್ಲಿ ಎಲ್ಲರೂ ಸೇರಿದರು. ಊರ ಬಸ್ ನಿಲ್ದಾಣದವರೆಗೆ ಬಂದು ಹಿಂದಿರುಗಲು ಹೊರಟಿದ್ದ ಉಸ್ಮಾನ ಮಿಯಾನನ್ನು ದತ್ತಾತ್ರಿಯೇ ಕೈಹಿಡಿದು ಕರೆತಂದಿದ್ದ. ಮುದುಕ ಸಖುಬಾಯಿಗೆ ಬೆನ್ನು ಹಾಕಿ ಕುಳಿತ. ಅಮೋಲ್‌ನ ಜೊತೆ ಅಲ್ಲೇ ಕೆಲಸ ಮಾಡುತ್ತಿದ್ದ ಭಾಲ್ಕಿಯ ಕೈಲಾಶ ಊರಿಗೆ ಮರಳಿದ್ದ. ಪೆಟ್ಟಿಗೆ ತಂದುಕೊಟ್ಟವನೂ ಅವನೇ. ಮಹಾಮಾಯಾ ಪೆಟ್ಟಿಗೆಯಿಂದ ೪೭ ಎಂದು ಬರೆದಿದ್ದ ಹೆಲ್ಮೆಟ್ಟನ್ನೂ ಅಮೋಲ್‌ನ ಹೆಸರು ಅಂಟಿಸಿದ್ದ ಕೆಂಪು ಬೀಗವನ್ನೂ ತೆಗೆದಿಟ್ಟರು. ಬೀಗದಲ್ಲೇ ಅದರ ಚಾವಿ ಇತ್ತು.

"ಕೈಲಾಶ, ಒಬ್ಬೊಬ್ಬರಿಗೆ ಎಷ್ಟು ಬೀಗ ಕೊಡ್ತಾರ?"

"ಒಂದ ರೀ. ಚಾವಿನೂ ಒಂದ. ಅದು ಬೀಗ ಹಾಕಿದವನ ಮೈಮ್ಯಾಲೆ ಇರಬೇಕು."

"ಪೆಟಗಿ ಕಟ್ಟಿದವರು?"

"ನಾನ ರೀ."

ಮಹಾಮಾಯಾ ಉಡದಾರದ ಚಾವಿಯನ್ನು ಬೀಗಕ್ಕೆ ಹಾಕಿ ನೋಡಿ, ತಿರುಗದಿದ್ದಾಗ ನೆಲದ ಮೇಲಿಟ್ಟರು. "ಅಮೋಲ್‌ನ ನಂಬರ್ ಇದರ ಮ್ಯಾಲೆ ಅದ. ಚಾವಿ ಅವನ ಮೈಮ್ಯಾಲೆ ಇತ್ತು ಅಂದ್ರ ಬೀಗ ವಾಲ್ವಿನ ಮ್ಯಾಲೆ ಇತ್ತು. ಈ ಚಾವಿ ಈ ಬೀಗಕ್ಕ ಹತ್ತಂಗಿಲ್ಲ. ಎರಡು ವರ್ಷ ದುಡಿದ ಬೀಗಕ್ಕ ಒಂದು ಗೀರೂ ಇಲ್ಲ. ಹಳೇದನ್ನ ಯಾರೋ ಕತ್ತರಿಸಿದ್ರು, ಹೊಸದನ್ನ ಪೆಟಗ್ಯಾಗ ಇಟ್ರು. ಚಾವಿಗಂತ ಕಿಸೆ ಹುಡುಕಿದ ಪರದೇಶದವರಿಗೆ ಉಡದಾರ ಗೊತ್ತಿಲ್ಲ. ನಿನಗ ಗೊತ್ತಿತ್ತಲ್ಲೋ?"

ಕೈಲಾಶ ಚಾವಿಯನ್ನೇ ನೋಡುತ್ತ ಹೇಳಿದ. "ಅಲ್ಲಿಗಿ ಹೋದ ಮ್ಯಾಲೆ ನಾನು ಉಡದಾರ ಕಟ್ಟೋದು ಬಿಟ್ಟೆ ರೀ. ನೆನಪ ಆಗಲಿಲ್ಲ. ಅಂವ ಊಟಕ್ಕ ಹೋಗ್ಯಾನ, ಬೀಗ ಮರ್ತಾನ, ಕತ್ತರಿಸು ಅಂತ ಮ್ಯಾನೇಜರ್ ಅಂದ. ಕತ್ತರಿಸಿದೆ. ನಾನು ಟ್ಯಾಂಕಿನೊಳಗ ಹಣಿಕಿ ನೋಡಲಿಲ್ಲ."

ಯಾರೂ ಅವನ ಮೈಮೇಲೆ ಏರಿ ಹೋಗಲಿಲ್ಲ. ಬೈದಿದ್ದರೆ ಚೆನ್ನಾಗಿರುತ್ತಿತ್ತು ಎನಿಸಿತು ದತ್ತಾತ್ರಿಗೆ.

"ಬರದು ಕೊಡ್ತೇನಿ ರೀ," ಎಂದ ಕೈಲಾಶ.

"ಬರಿ. ನಾನು ಕಳಿಸ್ತೇನಿ. ಆದ್ರ ಆ ಗುತ್ತಿಗೆ ಕಂಪನಿ ಹೋದ ತಿಂಗಳ ಮುಚ್ಚಿ ಹೋಗ್ಯದ. ಓದೋವರು ಯಾರೂ ಇಲ್ಲ. ವರದಿ ಹಂಗ ಉಳೀತದ."

ಉಸ್ಮಾನ ಮಿಯಾ ನಿಧಾನವಾಗಿ ಇತ್ತ ತಿರುಗಿದ. "ಬಾಯಿ, ನಿಮ್ಮ ಮಗ ನನ್ನ ಮಗನನ್ನ ಬೀಗ ಹಾಕೇ ಕರಕೊಂಡು ಹೋಗಿದ್ದ. ನಾಕು ತಿಂಗಳು ನಾನು ಅವನಿಗಿ ಬದ್‌ದುವಾ, ಶಾಪ ಹಾಕೇನಿ. ಅದನ್ನ ಹ್ಯಾಂಗ ವಾಪಸ್ ತಗೋಬೇಕು?"

ಸಖುಬಾಯಿ ಚಾವಿ ಎತ್ತಿಕೊಂಡು ಆ ಹೊಸ ಬೀಗಕ್ಕೆ ಮತ್ತೊಮ್ಮೆ ಹಾಕಿ ತಿರುಗಿಸಿ ನೋಡಿದಳು. ಆಮೇಲೆ ಕೈಲಾಶನನ್ನು ಕೇಳಿದಳು.

"ಇದರ ಬೀಗ ಎಲ್ಲಿ ಒಗದೆಪ್ಪಾ?"

"ಸಮುದ್ರಕ್ಕ," ಎಂದ ಕೈಲಾಶ.